‘ಯಾವ ಕ್ಲಾಸು?’ ಎಂದು ಕೇಳಿದವರಿಗೆ

ಶಿರಸಿಯ ಬಸ್ ನಿಲ್ದಾಣದಲ್ಲಿ ಮಕ್ಕಳ ಜೊತೆ ನಿಂತರೆ ಐದು ನಿಮಿಷದೊಳಗೆ ಯಾರಾದರೂ ಕೇಳುತ್ತಾರೆ: ‘ಯಾವ ಕ್ಲಾಸು?’ ಮಕ್ಕಳನ್ನು ಮಾತನಾಡಿಸಲು ನಮ್ಮ ಕಡೆಯವರಿಗೆ ಮೊದಲು ಬಾಯಿಗೆ ಬರುವ ಮಾತೇ ಅದು. ಕೇಳುವವರಲ್ಲಿ ಅಕ್ಕರೆಯೇ ಇರುತ್ತದೆ. ಆದರೂ ಮಗಳನ್ನು ಶಾಲೆಯಿಂದ ಬಿಡಿಸಿದ ಹೊಸತರಲ್ಲಿ ಆ ಪ್ರಶ್ನೆ ಬಂದರೆ ನನಗೆ ಎದೆ ಧಸಕ್ಕೆನ್ನುತ್ತಿತ್ತು. ‘ಮೂರನೇ ಕ್ಲಾಸು ಎಂದು ಹೇಳಿಬಿಡು’ ಎಂದು ಕಲಿಸಿಕೊಟ್ಟಿದ್ದೆ. ಎಂಟು ವರ್ಷದ ಹುಡುಗಿ ಒಂದು ದಿನ ಬಸ್ಸಿನಲ್ಲೇ ಕೇಳಿದಳು: ‘ನಾವು ಮಾಡುತ್ತಿರುವುದು ತಪ್ಪೇ ಆಯಿ? ಅಲ್ಲದಿದ್ದರೆ ಸುಳ್ಳು ಯಾಕೆ?’ ಅಂದಿನಿಂದ ಆ ಸುಳ್ಳನ್ನು ಬಿಟ್ಟೆವು.

ನಮ್ಮದು ಅಡಿಕೆ ತೋಟದ ಮನೆ, ಪೇಟೆಯಿಂದ ದೂರ. ಮಗಳು ಬೆಳಗ್ಗೆ ಏಳೂವರೆಗೆ ವ್ಯಾನ್ ಹತ್ತಿದರೆ ಇಳಿಯುತ್ತಿದ್ದುದು ಸಂಜೆ ಐದಕ್ಕೆ. ಮಳೆಗಾಲವಿಡೀ ಒದ್ದೆ ಸಾಕ್ಸು, ಕೆಮ್ಮು. ಎರಡನೇ ತರಗತಿ ಮುಗಿಯುವ ಹೊತ್ತಿಗೆ ಅವಳು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ್ದಳು. ಮನೆಯಲ್ಲೇ ಓದಿಸೋಣ ಎಂದು ನಾವಿಬ್ಬರೂ ಕೂತು ನಿರ್ಧರಿಸಿದೆವು. ಈಗ ಅವಳಿಗೆ 15, ತಮ್ಮನಿಗೆ 10. ನಿರ್ಧಾರ ಇಬ್ಬರದಾದರೂ ಇಷ್ಟು ವರ್ಷಗಳಲ್ಲಿ ಅದಕ್ಕೆ ಕಾರಣ ಕೇಳಿದ್ದು ನನ್ನನ್ನು ಮಾತ್ರ. ಗಂಡನನ್ನು ಯಾರೂ ಕೇಳಲಿಲ್ಲ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಒಂದು ಮದುವೆ ಮನೆಯಲ್ಲಿ. ಪಂಕ್ತಿಗೆ ತಂಬುಳಿ ಬಂದಿತ್ತು. ಎದುರು ಸಾಲಿನ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ, ‘ಶಾಲೆ ಬಿಟ್ಟವಳು ನೀನೇ ಅಲ್ಲವೇ? ಹದಿನೇಳರ ಮಗ್ಗಿ ಹೇಳು ನೋಡೋಣ’ ಎಂದರು. ಮಗಳು ಶುರು ಮಾಡಿದಳು. ಹದಿನೇಳು ಐದಲಿ ಎಂಬತ್ತೈದು ಎನ್ನುವವರೆಗೆ ಬಂದು ನಿಂತಳು. ಅನ್ನ ಕಲೆಸುತ್ತಿದ್ದ ಬೆರಳುಗಳೂ ಎಲೆಯ ಮೇಲೆ ಹಾಗೆಯೇ ನಿಂತವು. ಯಾರೋ ನಕ್ಕರು. ಇನ್ಯಾರೋ ‘ಪಾಪ’ ಎಂದರು. ನಗುವಿಗಿಂತ ಆ ‘ಪಾಪ’ವೇ ನನ್ನನ್ನು ಹೆಚ್ಚು ಚುಚ್ಚಿತು.

ಮನೆಗೆ ಬಂದು ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಒಂದು ತಿಂಗಳು ಹಟ ಹಿಡಿದು ಇಪ್ಪತ್ತರವರೆಗಿನ ಮಗ್ಗಿ, ರಾಜ್ಯಗಳ ರಾಜಧಾನಿ, ಇಂಗ್ಲಿಷಿನ ಎರಡು ಪದ್ಯ ಬಾಯಿಪಾಠ ಮಾಡಿಸಿದೆ. ಮುಂದಿನ ಉಪನಯನದಲ್ಲಿ ಅವಳು ಎಲ್ಲವನ್ನೂ ಒಪ್ಪಿಸಿದಳು. ಜನ ಮೆಚ್ಚಿದರು. ಹಿಂದಿರುಗುವ ದಾರಿಯುದ್ದಕ್ಕೂ ಮಗಳು ನನ್ನೊಡನೆ ಮಾತನಾಡಲಿಲ್ಲ. ಊರಿನ ಬಾಯಿ ಮುಚ್ಚಿಸಲು ಮಗುವನ್ನು ಸಾಕ್ಷಿಗೆ ನಿಲ್ಲಿಸಿದ್ದೆ. ಆಮೇಲೆ ಅಂಥ ಸಂದರ್ಭ ಬಂದಾಗಲೆಲ್ಲ ನಾನೇ ಮುಂದೆ ಹೋಗಿ, ‘ಅವಳು ಊಟ ಮಾಡಲಿ, ಕೇಳುವುದಿದ್ದರೆ ನನ್ನನ್ನು ಕೇಳಿ’ ಎನ್ನತೊಡಗಿದೆ. ಮೆತ್ತಗೆ ಹೇಳಿದರೂ ಸಾಕಾಗುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ.

ಆ ದಿನಗಳಲ್ಲಿ ನನ್ನ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ರವೀಂದ್ರನಾಥ ಟ್ಯಾಗೋರರು ಶಾಲೆಗೆ ಒಗ್ಗದೆ ಮನೆಯಲ್ಲೇ ಓದಿದವರು. ತರುಣರಾಗಿದ್ದಾಗ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಬಂದು ಇದ್ದವರು. ಕಾರವಾರದ ಕಡಲತೀರಕ್ಕೆ ಅವರದೇ ಹೆಸರು. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ ಎಂದು ವಾದಿಸುತ್ತಿದ್ದೆ. ಅದನ್ನೂ ಬಿಟ್ಟೆ. ಮಹಾಕವಿಯ ಹೆಸರು ಹೇಳಿದಷ್ಟೂ ಮಗಳ ತಲೆಯ ಮೇಲೆ ಭಾರ ಹೊರಿಸುತ್ತಿದ್ದೆ. ಮನೆಯಲ್ಲಿ ಓದಿದ ಮಗುವಿಗೆ ಸಾಧಾರಣ ಮಗುವಾಗಿರುವ ಹಕ್ಕೂ ಇರಬೇಕು.

ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆಂದು ಶಿಕ್ಷಕಿಯೊಬ್ಬರು ಮನೆಗೆ ಬಂದ ದಿನ ನನಗೆ ಕೋಪವೇ ಬಂತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮಗಳನ್ನು ನೋಡಿ ಅವರು, ‘ಇವಳನ್ನು ಮನೆಗೆಲಸಕ್ಕೆ ಹಚ್ಚಿದ್ದೀರಾ?’ ಎಂದು ನೇರವಾಗಿಯೇ ಕೇಳಿದರು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರ ಕೈಯಲ್ಲಿದ್ದ ಪಟ್ಟಿಯ ಮೇಲೆ ಕಣ್ಣು ಬಿತ್ತು. ದನ ಕಾಯುವ ಹುಡುಗ, ವಲಸೆ ಬಂದ ಕೂಲಿಯವರ ಮಗು, ಚಿಕ್ಕ ವಯಸ್ಸಿಗೇ ಮದುವೆ ಗೊತ್ತಾದ ಹುಡುಗಿ, ಇಂಥವರನ್ನು ಹುಡುಕಲೆಂದೇ ಇರುವ ಪಟ್ಟಿ ಅದು. ಅನುಮಾನ ಪಡುವುದು ಅವರ ಕರ್ತವ್ಯ. ಪಡದಿದ್ದರೆ ತಪ್ಪು. ಒಳಗೆ ಕರೆದು, ಚಹಾ ಕೊಟ್ಟು, ತಾರೀಕು ಹಾಕಿದ ನೋಟ್ ಪುಸ್ತಕಗಳನ್ನು ಮುಂದಿಟ್ಟೆ. ಓದಿದ ಪುಸ್ತಕಗಳ ಪಟ್ಟಿ, ತಪ್ಪು ತಪ್ಪಾಗಿ ಮಾಡಿ ತಿದ್ದಿದ ಲೆಕ್ಕಗಳು, ಮಳೆಯ ದಾಖಲೆ, ಎಲ್ಲವೂ ಅವುಗಳಲ್ಲಿದ್ದವು. ಅವರು ಒಂದು ಗಂಟೆ ಕೂತು ನೋಡಿದರು. ಮನೆಯಲ್ಲಿ ಕಲಿಸುವವರಿಗೆ ನಾನು ಕೊಡುವ ಗಟ್ಟಿ ಸಲಹೆ ಇದೊಂದೇ: ಪುಸ್ತಕಕ್ಕೆ ತಾರೀಕು ಹಾಕಿ, ತಪ್ಪುಗಳನ್ನು ಅಳಿಸಬೇಡಿ.

ಕಾನೂನಿನ ವಿಷಯದಲ್ಲೂ ಯಾರಿಗೂ ಸುಳ್ಳು ಧೈರ್ಯ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ ಅದರ 10ನೇ ಕಲಂ. ಸೇರಿಸದ ಪಾಲಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ, ಮನೆಯಲ್ಲಿ ಕಲಿಸುವವರ ಪ್ರಸ್ತಾಪವೂ ಇಲ್ಲ. ಹತ್ತನೇ ತರಗತಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿಯಿದೆ. 14 ತುಂಬಿರಬೇಕು, ಐದು ವಿಷಯ ಬರೆಯಬೇಕು, ಕನ್ನಡವನ್ನೂ ಆರಿಸಿಕೊಳ್ಳಬಹುದು. ‘ಮುಂದೆ ಏನು ಗತಿ?’ ಎಂದು ಕೇಳುವವರಿಗೆ ಇಷ್ಟು ಹೇಳಿದರೆ ಸಾಕು.

‘ನಾಲ್ಕು ಜನರ ಜೊತೆ ಬೆರೆಯುವುದು ಹೇಗೆ ಕಲಿಯುತ್ತಾರೆ?’ ಎಂಬುದಕ್ಕೆ ಉತ್ತರ ಹೇಳುವುದನ್ನೇ ಬಿಟ್ಟಿದ್ದೇನೆ. ತಾಳಮದ್ದಲೆಯಲ್ಲಿ ನಡುರಾತ್ರಿಯವರೆಗೆ ಎಪ್ಪತ್ತರ ಅರ್ಥಧಾರಿಗಳ ಪಕ್ಕ ಕೂತು ಪ್ರಶ್ನೆ ಕೇಳುವ ಮಗನನ್ನು ನೋಡಿದವರು ಅದನ್ನು ಕೇಳುವುದಿಲ್ಲ.

ಉತ್ತರ ಸಿಗದೆ ನಿಂತದ್ದು ಬೇರೆ ಕಡೆ. ಮೂರು ವರ್ಷದ ಹಿಂದೆ, ಮಳೆ ಹಿಡಿಯುವ ಮೊದಲು, ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧ ಸಿದ್ಧವಾಗುತ್ತಿತ್ತು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡನ್ನೂ ಐವತ್ತೈವತ್ತು ಲೀಟರ್ ನೀರಿನಲ್ಲಿ ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಮಗಳನ್ನು ದೂರ ನಿಲ್ಲಿಸಿ ಲೆಕ್ಕದ ಕೆಲಸ ಅವಳಿಗೆ ಕೊಟ್ಟಿದ್ದೆ. ಮರ ಹತ್ತಿ ಔಷಧ ಹೊಡೆಯುವ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದ. ಅಲಗಿನ ಮೇಲೆ ಕೆಂಪು ಲೇಪ. ‘ಸುಣ್ಣ ಸಾಲದು’ ಎಂದ. ತಾಮ್ರ ಕಬ್ಬಿಣದ ಮೇಲೆ ಬಂದು ಕೂರುವುದು ಏಕೆ ಎಂದು ಮಗಳು ಲಿಟ್ಮಸ್ ಕಾಗದ ಹಿಡಿದು ಸಂಜೆಯವರೆಗೆ ಹಿಂದೆ ಬಿದ್ದಳು. ನನಗೆ ಹಿಗ್ಗು. ಬಂದಿದ್ದ ನೆಂಟರ ಎದುರು, ‘ಶಾಲೆಯ ಕುರಿದೊಡ್ಡಿಯಲ್ಲಿ ಇದೆಲ್ಲ ಎಲ್ಲಿ ಸಿಗಬೇಕು?’ ಎಂದೆ.

ನೆಂಟರು ಹೋದ ಮೇಲೆ ಕೊನೆಗೌಡ ಕೈ ತೊಳೆಯುತ್ತ ಹೇಳಿದ: ‘ನಿಮ್ಮ ಮಗಳು ಶಾಲೆಗೆ ಹೋಗದಿದ್ದರೂ ನಿಮ್ಮ ಮಗಳೇ, ಅಮ್ಮ. ನನ್ನ ಮಗಳು ಹೋಗದಿದ್ದರೆ ಕೂಲಿಯವಳಾಗುತ್ತಾಳೆ. ನನ್ನನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿದ್ದರು. ಆ ದೊಡ್ಡಿ ನನಗೆ ಸಿಕ್ಕಿದ್ದರೆ ಸಾಕಿತ್ತು.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಬಗ್ಗೆ ಊರು ಕಟ್ಟಿಕೊಂಡ ಕಲ್ಪನೆಗಳನ್ನು ಒಂದೊಂದಾಗಿ ಎಣಿಸಿಟ್ಟುಕೊಂಡಿದ್ದ ನಾನು, ಶಾಲೆಗೆ ಹೋಗುವ ಮಕ್ಕಳ ಬಗ್ಗೆ, ಅವರನ್ನು ಕಳಿಸುವ ತಂದೆತಾಯಿಯರ ಬಗ್ಗೆ ಅಂಥದೇ ಕಲ್ಪನೆ ಸಾಕಿಕೊಂಡಿದ್ದೆ. ಮರುದಿನ ಅವನ ಬಳಿ ಹೋಗಿ, ಹಾಗೆ ಹೇಳಬಾರದಿತ್ತು ಎಂದೆ. ಅಂದಿನಿಂದ ಶಾಲೆಯನ್ನು ಹೀಗಳೆದು ನಮ್ಮ ಆಯ್ಕೆಯನ್ನು ಸಮರ್ಥಿಸಿಕೊಂಡಿಲ್ಲ. ಅಚ್ಚರಿಯೆಂದರೆ, ಅದನ್ನು ಬಿಟ್ಟ ಮೇಲೆ ನಮ್ಮನ್ನು ಹೀಗಳೆಯುವವರೂ ಕಡಿಮೆಯಾದರು. ನಮಗೆ ‘ಸೊಕ್ಕು’ ಎಂದು ಊರವರು ಆಡುತ್ತಿದ್ದ ಮಾತು ಹುಟ್ಟಿದ್ದು ನನ್ನ ಬಾಯಿಂದಲೇ ಇರಬೇಕು.

ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಏಳು ಮಕ್ಕಳು. ‘ನಿನ್ನ ಮಗ ಸೇರಿದ್ದರೆ ಎಂಟಾಗುತ್ತಿತ್ತು’ ಎನ್ನುತ್ತಾರೆ. ಮಲೆನಾಡಿನ ಎಷ್ಟೋ ಕೇರಿಗಳಲ್ಲಿ ಮಕ್ಕಳಿಲ್ಲದೆ ಶಾಲೆಯ ಬಾಗಿಲು ಮುಚ್ಚಿದೆ. ಹಾಗಾಗಿ ಇದನ್ನು ಪೂರ್ವಗ್ರಹ ಎಂದು ನಾನು ತಳ್ಳಿಹಾಕಲಾರೆ. ಪ್ರತಿ ಶನಿವಾರ ಹೋಗಿ ಆ ಮಕ್ಕಳಿಗೆ ಕಥೆ ಓದುತ್ತೇನೆ, ಸಂಜೆ ಎಲ್ಲರೂ ನಮ್ಮ ಅಂಗಳದಲ್ಲಿ ಲಗೋರಿ ಆಡುತ್ತಾರೆ. ಕೊನೆಗೌಡನ ಮಗಳೂ ಬರುತ್ತಾಳೆ. ಇದರಿಂದ ಹಾಜರಿ ಪುಸ್ತಕದಲ್ಲಿ ಒಂದು ಹೆಸರೂ ಹೆಚ್ಚಾಗಿಲ್ಲ, ಅದು ನನಗೆ ಗೊತ್ತಿದೆ.

ಕಳೆದ ತಿಂಗಳು ಸಿದ್ದಾಪುರದಿಂದ ಮಗನೊಂದಿಗೆ ಬರುತ್ತಿದ್ದೆ. ಕಂಡಕ್ಟರ್ ಅರ್ಧ ಟಿಕೆಟ್ ಹರಿಯುತ್ತ ಕೇಳಿದರು: ‘ಯಾವ ಕ್ಲಾಸು?’

‘ಮನೆಯಲ್ಲೇ ಓದುತ್ತೇನೆ. ಈಗ ಕುಂಬಾರ ಕಪ್ಪೆಯ ಬಗ್ಗೆ ಓದುತ್ತಿದ್ದೇನೆ’ ಎಂದ ಮಗ.

‘ಕುಂಬಾರ ಕಪ್ಪೆಯೇ?’

‘ನಮ್ಮ ಕತ್ತಲೆಕಾನು ಕಾಡಿನಲ್ಲಿದೆ. 2014ರಲ್ಲಿ ಹೆಸರಿಟ್ಟರು. ಗಂಡು ಕಪ್ಪೆ ಹಿಂಗಾಲಿನ ಮೇಲೆ ಎದ್ದು ನಿಂತು ಮೊಟ್ಟೆಗಳಿಗೆ ಮಣ್ಣು ಮೆತ್ತುತ್ತದೆ.’

ಕಂಡಕ್ಟರ್ ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಅವರು ಮುಂದಿನ ಸೀಟಿಗೆ ಹೋದರು, ನಾಲ್ಕು ಟಿಕೆಟ್ ಕೊಟ್ಟರು, ತಿರುಗಿ ಬಂದು ಸೀಟಿನ ಕಂಬಿ ಹಿಡಿದು ಬಾಗಿದರು.

‘ಮಣ್ಣನ್ನು ಎಲ್ಲಿಂದ ತರುತ್ತದೆ, ತಮ್ಮಾ?’