ಅವ್ವನ ಬಿಪಿ ಮಷಿನ್‌ಗೆ ಹದಿನೈದು ತಾಸಿನ ಚಾರ್ಜರ್

ನಮ್ಮ ಅವ್ವನ ಬಿಪಿ ಮಷಿನ್‌ಗೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ದಿನಕ್ಕೆ ಎರಡು ಸಲ ತಾನು ನೋಡಿಕೊಳ್ಳುತ್ತಾಳೆ. ಓಣಿಯವರು ಯಾರಾದರೂ ಬಂದು ಕುಂತರೆ ಅವರ ತೋಳಿಗೂ ಪಟ್ಟಿ ಸುತ್ತುತ್ತಾಳೆ. ಸೆಲ್ ಎಷ್ಟು ದಿನ ಬಾಳಿಕೆ ಬಂದೀತು? ಬೇಸತ್ತು ರೀಚಾರ್ಜ್ ಆಗುವ ಸೆಲ್ ತಂದೆ, ಜೊತೆಗೆ ಒಂದು ಅಗ್ಗದ ಚಾರ್ಜರ್. ಅದರ ಹಸಿರು ದೀಪ ಸೆಲ್ ಇಟ್ಟ ಕೂಡಲೇ ಹತ್ತುತ್ತಿತ್ತು, ತೆಗೆಯುವ ತನಕ ಹಾಗೇ ಇರುತ್ತಿತ್ತು. ಸೆಲ್ ತುಂಬಿದ್ದು ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ ಮುಟ್ಟಿ ನೋಡಿದರೆ ಹಂಚಿನ ಮೇಲಿನ ರೊಟ್ಟಿಯ ಹಾಗೆ ಸುಡುತ್ತಿತ್ತು. ಆ ನಾಲ್ಕೂ ಸೆಲ್ ಮತ್ತೆ ಸರಿಯಾಗಿ ಚಾರ್ಜ್ ಹಿಡಿಯಲಿಲ್ಲ.

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವವನು. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಅಂಗಡಿಯಲ್ಲೇ ಇವೆ. ಸರಿ, ನಾನೇ ಒಂದು ಮಾಡಿಕೊಂಡೆ. ದೀಪ ನಂಬುವ ಬದಲು ಗಡಿಯಾರ ನಂಬುವ ಚಾರ್ಜರ್ ಇದು.

ಮೊದಲು ಸೆಲ್ ನೋಡಿ. ಅದರ ಮೇಲೆ ರೀಚಾರ್ಜೆಬಲ್, ನಿಕಲ್ ಮೆಟಲ್ ಹೈಡ್ರೈಡ್, 1.2 ವೋಲ್ಟ್ ಎಂದು ಇರಬೇಕು. ಕಿರಾಣಿ ಅಂಗಡಿಯ 1.5 ವೋಲ್ಟ್ ಸೆಲ್ಲನ್ನು ಇದಕ್ಕೆ ಹಾಕಬೇಡಿ. ಸೋರುತ್ತದೆ, ಒಡೆಯಲೂಬಹುದು. 3.7 ವೋಲ್ಟ್ ಲಿಥಿಯಂ ಸೆಲ್ಲನ್ನಂತೂ ಹತ್ತಿರವೂ ತರಬೇಡಿ, ಬೆಂಕಿಯೇ ಹತ್ತಬಹುದು.

ಸೆಲ್ ಮೇಲೆ ಎಂಎಎಚ್ (ಮಿಲಿ ಆಂಪಿಯರ್ ತಾಸು, ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಇನ್ನೊಂದು ಅಂಕಿ ಇರುತ್ತದೆ. ನಮ್ಮದು 2000. ಅದರ ಹತ್ತನೇ ಒಂದು ಭಾಗ, ಅಂದರೆ ಸುಮಾರು 200 ಮಿಲಿ ಆಂಪಿಯರ್ ಕರೆಂಟ್ ಕೊಟ್ಟರೆ ಸೆಲ್ ಆರಾಮಾಗಿ ತುಂಬುತ್ತದೆ. ಅಷ್ಟು ನಿಧಾನ ಇದ್ದರೆ ಒಂದೆರಡು ತಾಸು ಹೆಚ್ಚಾದರೂ ತಡೆದುಕೊಳ್ಳುತ್ತದೆ. ಕೊಟ್ಟಿದ್ದೆಲ್ಲಾ ಒಳಗೆ ಉಳಿಯುವುದಿಲ್ಲ, ಒಂದಿಷ್ಟು ಶಾಖವಾಗಿ ಹೋಗುತ್ತದೆ. ಅದಕ್ಕೇ 2000 ತುಂಬಲು 2800ರಷ್ಟು ಕೊಡಬೇಕು.

ಬೇಕಾದ ಸಾಮಾನು ಸ್ವಲ್ಪವೇ. ಹಾಳಾದ ವೈಫೈ ರೂಟರ್‌ನ 9 ವೋಲ್ಟ್ ಡಿಸಿ ಅಡಾಪ್ಟರ್ ಮನೆಯಲ್ಲಿ ಬಿದ್ದಿತ್ತು. ಉಳಿದದ್ದು ಟಿವಿ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಕ್ಕಿತು: ಎಲ್‌ಎಂ317 ಎಂಬ, ಕರೆಂಟನ್ನು ಹದದಲ್ಲಿಡುವ ಮೂರು ಕಾಲಿನ ಐಸಿ, 6.8 ಓಮ್‌ನ ಒಂದು ವ್ಯಾಟ್ ರೆಸಿಸ್ಟರ್ (ನೀಲಿ, ಬೂದಿ, ಬಂಗಾರದ ಪಟ್ಟಿ), ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್, ಎರಡು ಸೆಲ್ ಒಂದರ ಹಿಂದೊಂದು ಕೂರುವ ಹೋಲ್ಡರ್. ಅಡಾಪ್ಟರ್ ಮಾತ್ರ ರೆಡಿಮೇಡ್ ಇರಲಿ. ಗೋಡೆಯ 230 ವೋಲ್ಟ್ ಜೊತೆ ನಾನಂತೂ ಆಟ ಆಡುವುದಿಲ್ಲ, ನೀವೂ ಆಡಬೇಡಿ.

ಜೋಡಿಸುವಾಗ ಅಡಾಪ್ಟರ್ ಪ್ಲಗ್‌ನಿಂದ ಕಿತ್ತಿರಲಿ. ಐಸಿಯ ಅಕ್ಷರ ನಿಮ್ಮ ಕಡೆಗೆ, ಕಾಲು ಕೆಳಗೆ ಬರುವಂತೆ ಹಿಡಿಯಿರಿ. ಬಲಗಾಲಿಗೆ ಅಡಾಪ್ಟರ್‌ನ ಪ್ಲಸ್. ನಡುಗಾಲು ಮತ್ತು ಎಡಗಾಲಿನ ನಡುವೆ ರೆಸಿಸ್ಟರ್. ಎಡಗಾಲಿನಿಂದಲೇ ಡಯೋಡ್ ಹೊರಡಬೇಕು, ಅದರ ಬಿಳಿ ಗೆರೆಯ ತುದಿ ಹೋಲ್ಡರ್‌ನ ಕೆಂಪು ವೈರ್‌ಗೆ. ಹೋಲ್ಡರ್‌ನ ಕಪ್ಪು ವೈರ್ ಅಡಾಪ್ಟರ್‌ನ ಮೈನಸ್‌ಗೆ. ಮುಗಿಯಿತು. ಅಡಾಪ್ಟರ್‌ನ ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಮೊದಲೇ ಮೀಟರ್‌ನಲ್ಲಿ ನೋಡಿಕೊಳ್ಳಿ. ವೈರ್ ಬಣ್ಣ ನಂಬಿ ನಾನೊಮ್ಮೆ ಐಸಿ ಕಳೆದುಕೊಂಡಿದ್ದೇನೆ.

ಈ ಐಸಿ ನಡುಗಾಲಿಗೂ ಎಡಗಾಲಿಗೂ ನಡುವೆ ಯಾವಾಗಲೂ 1.25 ವೋಲ್ಟ್ ಕಾಯುತ್ತದೆ. 1.25ನ್ನು 6.8ರಿಂದ ಭಾಗಿಸಿದರೆ 0.184, ಅಂದರೆ 184 ಮಿಲಿ ಆಂಪಿಯರ್. ಸೆಲ್ ಖಾಲಿ ಇರಲಿ, ತುಂಬಿರಲಿ, ಅಷ್ಟೇ ಹರಿಯುತ್ತದೆ. ಕೊಡಬೇಕಾದ 2800ನ್ನು 184ರಿಂದ ಭಾಗಿಸಿದರೆ ಸುಮಾರು ಹದಿನೈದು ತಾಸು, ಅಷ್ಟಾದ ಮೇಲೆ ಸೆಲ್ ತೆಗೆಯಬೇಕು. ಹತ್ತನೇ ಕ್ಲಾಸಿನ ಮಗನ ಕೈಯಿಂದ ಲೆಕ್ಕ ಮಾಡಿಸಿದೆ. ಪುಸ್ತಕದ ಓಮ್ ನಿಯಮ ಅವ್ವನ ಬಿಪಿ ಮಷಿನ್‌ಗೂ ಬರುತ್ತದೆ ಎಂದು ಅವನಿಗೆ ಆವತ್ತೇ ಗೊತ್ತಾಗಿದ್ದು. ಸಣ್ಣ ಸೆಲ್, ಅಂದರೆ 800 ಎಂಎಎಚ್‌ನ ಟ್ರಿಪಲ್ ಎ ಆದರೆ 15 ಓಮ್ ಹಾಕಿ. ಆಗ 83 ಮಿಲಿ ಆಂಪಿಯರ್, ಹದಿಮೂರೂವರೆ ತಾಸು.

ಡಯೋಡ್ ಯಾಕೆ ಅಂದರೆ ಕರೆಂಟ್ ಹೋಗುತ್ತದಲ್ಲ, ಅದಕ್ಕೆ. ಅದಿಲ್ಲದಿದ್ದರೆ ಸೆಲ್‌ನಲ್ಲಿ ತುಂಬಿದ್ದು ಐಸಿಯ ಮೂಲಕ ವಾಪಸ್ ಹರಿದು ಹೋಗುತ್ತದೆ.

ಸೆಲ್ ಹಾಕುವ ಮೊದಲು ಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಡಿಸಿ ಆಂಪಿಯರ್‌ಗೆ ತಿರುಗಿಸಿ, ಅಡಾಪ್ಟರನ್ನು ಪ್ಲಗ್‌ಗೆ ಹಾಕಿ, ಹೋಲ್ಡರ್‌ನ ಎರಡು ತುದಿಗೆ ಒಂದೆರಡು ಸೆಕೆಂಡ್ ಹಿಡಿಯಿರಿ. 0.18 ಆಸುಪಾಸು ಬಂದರೆ ಜೋಡಣೆ ಸರಿ ಇದೆ. ಬೇರೆ ಏನಾದರೂ ಬಂದರೆ ಬಹುತೇಕ ಎಡಗಾಲು, ಬಲಗಾಲು ಅದಲುಬದಲಾಗಿರುತ್ತದೆ.

ಐಸಿ ಬಿಸಿಯಾಗುತ್ತದೆ. ಅದರ ಬೆನ್ನಿನ ತೂತಿಗೆ ಅಂಗೈಯಗಲದ ಅಲ್ಯೂಮಿನಿಯಂ ತಗಡನ್ನು ನಟ್ ಬೋಲ್ಟ್ ಹಾಕಿ ಬಿಗಿದಿದ್ದೇನೆ. ಆ ಬೆನ್ನು ಒಳಗೆ ನಡುಗಾಲಿಗೆ ಸೇರಿದೆ, ಆದ್ದರಿಂದ ತಗಡು ಬೇರೆ ಯಾವ ವೈರ್‌ಗೂ ತಾಗಬಾರದು. ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಅಂಥ ಸೆಕೆಯಲ್ಲಿ ನಿಕಲ್ ಸೆಲ್ ಸರಿಯಾಗಿ ತುಂಬುವುದೂ ಇಲ್ಲ, ಬೇಗ ಮುದಿಯಾಗುತ್ತದೆ. ನಾನು ರಾತ್ರಿಯೇ ಹಚ್ಚುತ್ತೇನೆ. ಪಡಸಾಲೆಯ ಶಹಾಬಾದಿ ಫರ್ಸಿ ಮೇಲೆ, ಹಾಸಿಗೆ ಪರದೆಯಿಂದ ದೂರ. ಸೆಲ್ ಉಗುರುಬೆಚ್ಚಗಾದರೆ ಚಿಂತೆಯಿಲ್ಲ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಆದರೆ ಆ ಕ್ಷಣವೇ ಬಿಚ್ಚಿ.

ತಾಸಿನ ಈ ಲೆಕ್ಕ ಪೂರ್ತಿ ಖಾಲಿಯಾದ ಸೆಲ್‌ಗೆ. ಅರ್ಧ ಬಳಸಿದ್ದರೆ ಅರ್ಧ ಹೊತ್ತು ಸಾಕು. ನಡುವೆ ಎರಡು ತಾಸು ಕರೆಂಟ್ ಹೋಗಿದ್ದರೆ ಎರಡು ತಾಸು ಕೂಡಿಸಿ. ಹಚ್ಚಿದ ಸಮಯವನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ಮರೆತೇ ಹೋಗುತ್ತದೆ. ಇನ್ನೊಂದು ಮಾತು: ಒಟ್ಟಿಗೆ ಹಾಕುವ ಎರಡು ಸೆಲ್ ಒಂದೇ ಕಂಪನಿಯವು, ಒಂದೇ ಅಂಕಿಯವು, ಒಟ್ಟಿಗೆ ಖಾಲಿಯಾದವು ಇರಬೇಕು. ನಮ್ಮ ನಾಲ್ಕು ಸೆಲ್‌ಗೆ ಮಗಳ ಉಗುರು ಬಣ್ಣದ ಗುರುತು ಹಾಕಿದ್ದೇನೆ. ಕೆಂಪು ಜೋಡಿ ಇವತ್ತು, ಗುಲಾಬಿ ಜೋಡಿ ನಾಳೆ.

ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟ್‌ಗೆ ಇಷ್ಟೆಲ್ಲಾ ಒದ್ದಾಡಬೇಡಿ. ಅವು ತಿನ್ನುವುದೇ ಚೂರು, ಮಾಮೂಲಿ ಸೆಲ್ ತಿಂಗಳುಗಟ್ಟಲೆ ಬರುತ್ತದೆ. ಮೋಟಾರ್ ಇರುವ ಆಟಿಕೆ, ಟಾರ್ಚ್, ಬಿಪಿ ಮಷಿನ್, ಇವಕ್ಕೆ ಲಾಭ.

"ಅಂಗಡ್ಯಾಗಿಂದು ಜಲ್ದಿ ಆಗ್ತಿತ್ತು, ನಿಂದೇನಪ್ಪಾ ಹದಿನೈದು ತಾಸು?" ಎಂದು ಅವ್ವ ಮೊದಮೊದಲು ಗೊಣಗಿದಳು. ಈಗ ರಾತ್ರಿ ಒಂಬತ್ತಕ್ಕೆ ತಾನೇ ಸ್ವಿಚ್ ಹಾಕುತ್ತಾಳೆ. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ನಾನು ಊಟಕ್ಕೆ ಬಂದು ಚಪ್ಪಲಿ ಬಿಡುವ ಮೊದಲೇ, "ಸೆಲ್ ತಗಿ, ಆಮ್ಯಾಲೆ ಕೈ ತೊಳಿ" ಎನ್ನುತ್ತಾಳೆ.