ಕಫ ಕದಲಿಸುವ ಕೆಲಸ: ನಾನು ಅನುಸರಿಸುವ ಕ್ರಮ

ಚಿಕ್ಕಮಗಳೂರಿನಲ್ಲಿ ನನ್ನ ಬಳಿ ಎದೆಯ ಫಿಸಿಯೋಥೆರಪಿಗೆ ಬರುವವರಲ್ಲಿ ಬಹುಪಾಲು ಬ್ರಾಂಕಿಯೆಕ್ಟಾಸಿಸ್‌ನವರು, ಅಂದರೆ ಶ್ವಾಸನಾಳ ಶಾಶ್ವತವಾಗಿ ಹಿಗ್ಗಿ ಕಫ ಕಟ್ಟುವವರು. ಎಷ್ಟೋ ಜನರಿಗೆ ಅದು ಹಳೆಯ ಟಿಬಿ ಬಿಟ್ಟುಹೋದ ಗುರುತು. ಉಳಿದವರಲ್ಲಿ ಆಸ್ತಮಾ, ಇಲ್ಲವೇ ಬೀಡಿ ಮತ್ತು ಬಚ್ಚಲೊಲೆಯ ಹೊಗೆಯಿಂದ ಬಂದ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ).

ಮೊದಲು ಫೀನೋ, ಅಂದರೆ ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಅಳತೆ. ಸೆಕೆಂಡಿಗೆ 50 ಮಿಲಿಲೀಟರ್ ವೇಗದಲ್ಲಿ, ಒಂದೇ ಸಮನೆ, ಸುಮಾರು 10 ಸೆಕೆಂಡ್ ಊದಬೇಕು. ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಆಮೇಲೆ, ಅದನ್ನು ಮೊದಲೇ ಮಾಡಿದರೆ ಫೀನೋ ಅಂಕಿ ಇಳಿದುಬಿಡುತ್ತದೆ. ಬೀಡಿ ಸೇದಿ ಬಂದರೂ ಇಳಿಯುತ್ತದೆ, ಬೀಟ್‌ರೂಟ್ ಪಲ್ಯ ತಿಂದು ಬಂದರೆ ಏರುತ್ತದೆ. ದೊಡ್ಡವರಲ್ಲಿ 50 ಪಿಪಿಬಿ (ನೂರು ಕೋಟಿಯಲ್ಲಿ 50 ಪಾಲು) ದಾಟಿದರೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಉರಿಯೂತ ಇರುವ, ಸ್ಟೆರಾಯ್ಡ್ ಇನ್‌ಹೇಲರ್ ಹಿಡಿಸುವ ಸಂಭವ ಹೆಚ್ಚು. 25ರ ಕೆಳಗಿದ್ದರೆ ಕಡಿಮೆ. ಎದೆಯಲ್ಲಿ ಎಷ್ಟು ಕಫ ಕಟ್ಟಿದೆ ಎಂದು ಮಾತ್ರ ಆ ಅಂಕಿ ಹೇಳದು.

ಶ್ವಾಸನಾಳದ ಒಳಪದರವೇ ತಯಾರಿಸುವ ನೈಟ್ರಿಕ್ ಆಕ್ಸೈಡ್, ಕಫವನ್ನು ಮೇಲಕ್ಕೆ ತಳ್ಳುವ ಸೀಲಿಯಾಗಳ (ನಾಳದೊಳಗಿನ ಅತಿ ಸಣ್ಣ ರೋಮಗಳ) ಬಡಿತವನ್ನು ಚುರುಕಾಗಿಸುತ್ತದೆ. ಹುಟ್ಟಿನಿಂದಲೇ ಸೀಲಿಯಾ ದೋಷವಿದ್ದರೆ ಮೂಗಿನಲ್ಲಿ ಇದು ಸಾಮಾನ್ಯವಾಗಿ ತೀರಾ ಕಡಿಮೆ. ಹಾಗಾಗಿ ಹುಟ್ಟಿದಾಗಿನಿಂದ ಮೂಗು ಸೋರುವ, ಕಿವಿ ಸೋರುವ, ಕೆಮ್ಮು ಬಿಡದ ಮಕ್ಕಳನ್ನು ಆ ಪರೀಕ್ಷೆ ಇರುವ ದೊಡ್ಡ ಕೇಂದ್ರಕ್ಕೆ ಕಳಿಸುತ್ತೇನೆ. ಭ್ರಾಮರಿ ಮಾಡಿದರೆ ಸಾಕಾ ಎಂದು ಕೇಳುವವರಿದ್ದಾರೆ. ಗುಂಯ್‌ಗುಟ್ಟುವಾಗ ಸೈನಸ್‌ನ ಗಾಳಿ ಹೊರಬಂದು ಮೂಗಿನ ನೈಟ್ರಿಕ್ ಆಕ್ಸೈಡ್ ಸುಮಾರು 15 ಪಟ್ಟು ಏರುವುದನ್ನು 2002ರಲ್ಲೇ ಅಳೆದಿದ್ದಾರೆ. ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಶ್ವಾಸಕೋಶದ ತಳದಲ್ಲಿ ಅಂಟಿಕೊಂಡ ಕಫಕ್ಕೆ ಬೇಕಾದದ್ದು ನೀರಿನಂಶ ಮತ್ತು ತಳ್ಳುವ ಗಾಳಿ.

ಅದಕ್ಕೆ ಹೀಗೆ: ನಾಳ ಸಡಿಲಿಸುವ ಸಾಲ್ಬುಟಮಾಲ್ 2 ಪಫ್, ಸ್ಪೇಸರ್‌ನಲ್ಲಿ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ). 15 ನಿಮಿಷ ಬಿಟ್ಟು 3% ಸಲೈನ್ (ಶುದ್ಧ ಉಪ್ಪುನೀರು) 4 ಮಿಲಿ, ಅದನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್‌ನಲ್ಲಿ. ಮಾಸ್ಕ್ ಬೇಡ, ಮೌತ್‌ಪೀಸ್ ಇರಲಿ. ಮಾಸ್ಕ್‌ನಲ್ಲಿ ಮದ್ದಿನ ಒಂದು ಪಾಲು ಮೂಗಿಗೇ ಹೋಗುತ್ತದೆ. ಅಡುಗೆ ಉಪ್ಪು ಕರಗಿಸಿ ಹಾಕಲೇಬಾರದು. ಮೊದಲ ಡೋಸ್ ಕ್ಲಿನಿಕ್‌ನಲ್ಲೇ, ಅದಕ್ಕೆ ಮೊದಲೂ ಆಮೇಲೂ ಪೀಕ್‌ಫ್ಲೋ (ಜೋರಾಗಿ ಊದುವ ವೇಗದ ಅಳತೆ) ನೋಡಿಕೊಂಡು. ಕೆಲವರಿಗೆ ಉಪ್ಪುನೀರಿಗೇ ಎದೆ ಬಿಗಿಯುತ್ತದೆ.

ಆಮೇಲೆ ಉಸಿರಾಟ. ಹೊಟ್ಟೆ ಸಡಿಲ ಬಿಟ್ಟು ಸ್ವಲ್ಪ ಹೊತ್ತು ಸಹಜ ಉಸಿರು, ನಂತರ 3–4 ಆಳದ ಉಸಿರು, ಪ್ರತಿಯೊಂದನ್ನೂ 3 ಸೆಕೆಂಡ್ ಹಿಡಿದು. ಮತ್ತೆ ಸಹಜ ಉಸಿರು. ಆಮೇಲೆ ಹಫ್: ಬಾಯಿ ಅಗಲ ತೆರೆದು, ಕನ್ನಡಿಯ ಮೇಲೆ ಹಬೆ ಹಿಡಿಸುವಂತೆ, ಸಾಧಾರಣ ಉಸಿರಿನಿಂದ ಉದ್ದವಾಗಿ. ಇದು ಸಣ್ಣ ನಾಳಗಳ ಕಫಕ್ಕೆ. ಮೇಲೆ ಬಂದು ಗೊರಗುಟ್ಟಿದಾಗ ಪೂರ್ತಿ ಉಸಿರೆಳೆದು ಗಿಡ್ಡ ಹಫ್. ಹೆಚ್ಚಿನವರು ಎಡವುವುದು ಇಲ್ಲೇ: ಗಂಟಲು ಬಿಗಿದು ಒತ್ತುತ್ತಾರೆ, ನಾಳ ಅಮುಕಿಹೋಗುತ್ತದೆ, ಸೀಟಿ ಕೇಳಿಸುತ್ತದೆ, ಕಫ ಇದ್ದಲ್ಲೇ ಉಳಿಯುತ್ತದೆ. ಒಮ್ಮೆಗೆ ಎರಡೇ ಹಫ್, ಮತ್ತೆ ಸಹಜ ಉಸಿರಿಗೆ. ಸತತ ಎರಡು ಸುತ್ತು ಒಣ ಹಫ್ ಬಂದರೆ ಆ ಹೊತ್ತಿಗೆ ಸಾಕು.

ಸ್ಟೆರಾಯ್ಡ್ ಇನ್‌ಹೇಲರ್ ಕೊನೆಗೆ, ನಾಳ ತೆರವಾದ ಮೇಲೆ. ಊಟವಾದ ಕೂಡಲೇ ಇದ್ಯಾವುದೂ ಬೇಡ. ಡಿಸೆಂಬರ್ ಚಳಿಯಲ್ಲಿ ತೋಟದ ಕೆಲಸಕ್ಕೆ ಹೊರಡುವವರು ಬೆಳಗಿನ ಸುತ್ತು ತಪ್ಪಿಸುತ್ತಾರೆ. ಅಂಥವರಿಗೆ ಸಂಜೆಯದ್ದಾದರೂ ಬಿಡಬೇಡಿ ಅನ್ನುತ್ತೇನೆ. ಕಫದಲ್ಲಿ ಹೊಸದಾಗಿ ರಕ್ತ ಕಂಡರೆ ಉಪ್ಪುನೀರು, ಹಫ್ ಎರಡನ್ನೂ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಬೇಕು.