ಲೈಬ್ರರಿ ಇದ್ದರೂ ಲಿಂಕರ್‌ಗೆ ಫಂಕ್ಷನ್ ಸಿಗ್ತಿಲ್ವಾ? ಹೀಗೆ ನೋಡಿ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಸಿ ಪ್ರಾಜೆಕ್ಟ್ ಮಾಡುವವರಿಗೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎರರ್ ಹೊಸದೇನಲ್ಲ. ಕೋಡ್ ಕಂಪೈಲ್ ಆಗಿರುತ್ತದೆ. ಲೈಬ್ರರಿಯ ಹೆಸರು ಕಮಾಂಡ್‌ನಲ್ಲೇ ಇರುತ್ತದೆ. ಆದರೂ ಫಂಕ್ಷನ್ ಸಿಗಲಿಲ್ಲ ಅನ್ನುತ್ತದೆ ಲಿಂಕರ್, ಅಂದ್ರೆ ಕಂಪೈಲ್ ಆದ ತುಂಡುಗಳನ್ನು ಜೋಡಿಸಿ ಒಂದು ಪ್ರೋಗ್ರಾಂ ಮಾಡುವ ಟೂಲ್. ಆಗ ಸುಮ್ನೆ ಲೈಬ್ರರಿಗಳನ್ನು ಹಿಂದೆ ಮುಂದೆ ಮಾಡುತ್ತಾ ಕೂರಬೇಡಿ. ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ.

ಕಬ್ಬಿನ ಬಿಲ್ ಲೆಕ್ಕ ಹಾಕುವ ಪ್ರೋಗ್ರಾಂ ಅಂದುಕೊಳ್ಳಿ. ಮೇನ್.ಓ ಫೈಲು (.ಓ ಅಂದ್ರೆ ಕಂಪೈಲ್ ಆದ ಕೋಡ್ ಇರುವ ಫೈಲು) ಬಿಲ್_ಮಾಡು ಅನ್ನುವ ಫಂಕ್ಷನ್ ಕರೆಯುತ್ತದೆ. ಅದು ಲಿಬ್‌ಬಿಲ್.ಎ ಆರ್ಕೈವ್‌ನ, ಅಂದ್ರೆ ಲೈಬ್ರರಿ ಫೈಲಿನ, ಬಿಲ್.ಓ ಒಳಗಿದೆ. ಟನ್ನಿನ ದರ ಪ್ರತಿ ಹಂಗಾಮಿಗೂ ಬದಲಾಗುವುದರಿಂದ ದರ_ಕೊಡು ಫಂಕ್ಷನ್ನನ್ನು ಬೇರೆಯಾಗಿ ಲಿಬ್‌ದರ.ಎ ಒಳಗೆ ಇಟ್ಟಿದ್ದೀರಿ. ಬಿಲ್_ಮಾಡು ಇದನ್ನು ಕರೆಯುತ್ತದೆ.

ಮೊದಲು, ಕಮಾಂಡ್ ಸಾಲನ್ನು ಎಡಗಡೆಯಿಂದ ಓದಿ. ಲಿನಕ್ಸ್‌ನ ಜಿಎನ್‌ಯು ಲಿಂಕರ್ ಓದುವುದೂ ಹಾಗೆಯೇ, ಅದೂ ಒಂದೇ ಸಲ. ಹಾಳೆಯಲ್ಲಿ ‘ಬೇಕು’ ಅಂತ ಒಂದು ಪಟ್ಟಿ ಮಾಡಿ. ಮೇನ್.ಓ ಬಂತು, ಅದನ್ನು ಲಿಂಕರ್ ಕೇಳದೆ ಪೂರ್ತಿ ಸೇರಿಸಿಕೊಳ್ಳುತ್ತದೆ. ಪಟ್ಟಿಗೆ ಬಿಲ್_ಮಾಡು ಬರೆಯಿರಿ.

ಆಮೇಲೆ ಲಿಬ್‌ಬಿಲ್.ಎ. ಆರ್ಕೈವ್ ಅಂದ್ರೆ ಹಲವು .ಓ ಫೈಲುಗಳ ಕಟ್ಟು, ಜೊತೆಗೆ ಯಾವ ಹೆಸರು ಯಾವ ಫೈಲಿನಲ್ಲಿದೆ ಅನ್ನುವ ಸೂಚಿ. ಪಟ್ಟಿಯಲ್ಲಿರುವ ಹೆಸರು ಸೂಚಿಯಲ್ಲಿ ಸಿಕ್ಕರೆ ಆ ಒಂದು .ಓ ಫೈಲು ಮಾತ್ರ ಇಡಿಯಾಗಿ ಒಳಗೆ ಬರುತ್ತದೆ, ಉಳಿದವು ಅಲ್ಲೇ ಉಳಿಯುತ್ತವೆ. ಹೊಸದಾಗಿ ಬಂದದ್ದರಿಂದ ಪಟ್ಟಿ ಬೆಳೆದರೆ ಅದೇ ಆರ್ಕೈವ್‌ನ ಸೂಚಿಯನ್ನು ಮತ್ತೆ ನೋಡುತ್ತದೆ, ಇನ್ನೇನೂ ಸಿಗದು ಅನ್ನುವವರೆಗೂ. ಈಗ ಬಿಲ್_ಮಾಡು ಹೊಡೆದು ಹಾಕಿ, ದರ_ಕೊಡು ಬರೆಯಿರಿ. ಮುಂದಿನದು ಲಿಬ್‌ದರ.ಎ ಆಗಿದ್ದರೆ ಪಟ್ಟಿ ಖಾಲಿ, ಕೆಲಸ ಆಯ್ತು.

ಲಿಬ್‌ದರ.ಎ ಮೊದಲೇ ಬಂದಿದ್ದರೆ? ಆಗ ದರ_ಕೊಡು ಯಾರಿಗೂ ಬೇಕಿರಲಿಲ್ಲ. ಲಿಂಕರ್ ಏನೂ ತೆಗೆದುಕೊಳ್ಳದೆ ಮುಂದೆ ಹೋಗಿಬಿಡುತ್ತದೆ. ಆಮೇಲೆ ಬಿಲ್.ಓ ಬಂದು ದರ_ಕೊಡು ಕೇಳುತ್ತದೆ, ಆದರೆ ಲಿಂಕರ್ ಹಿಂದಕ್ಕೆ ಬರುವುದಿಲ್ಲ. ಎರರ್ ಬರುವುದು ಅಲ್ಲಿ. ಹಾಗಾಗಿ ಕರೆಯುವವರು ಎಡಕ್ಕೆ, ಕೊಡುವವರು ಬಲಕ್ಕೆ ಇರಬೇಕು.

ಮೇಕ್‌ಫೈಲ್ (ಬಿಲ್ಡ್ ಹೇಗೆ ಆಗಬೇಕು ಅಂತ ಮೇಕ್ ಟೂಲ್‌ಗೆ ಹೇಳುವ ಫೈಲು) ಬರೆಯುವವರು ಇಲ್ಲಿ ಹುಷಾರು. ಲೈಬ್ರರಿಗಳನ್ನು ಎಲ್‌ಡಿಫ್ಲ್ಯಾಗ್ಸ್ ವೇರಿಯಬಲ್‌ಗೆ ಹಾಕಿದರೆ ಮೇಕ್‌ನ ತನ್ನದೇ ರೂಲ್‌ನಲ್ಲಿ ಅವು .ಓ ಫೈಲುಗಳಿಗಿಂತ ಮುಂಚೆ ಬರುತ್ತವೆ. ಎಲ್‌ಡಿಲಿಬ್ಸ್ ವೇರಿಯಬಲ್‌ಗೆ ಹಾಕಿ.

ಕೆಲವೊಮ್ಮೆ ದರ.ಓ ಕೂಡ ವಾಪಸ್ ಲಿಬ್‌ಬಿಲ್.ಎ ಒಳಗಿನ ಇನ್ನೊಂದು ಫೈಲಿನ ತೂಕ_ಕಳೆ ಕೇಳಬಹುದು. ಆಗ ಲಿಬ್‌ಬಿಲ್ ಹೆಸರನ್ನು ಕೊನೆಗೆ ಇನ್ನೊಮ್ಮೆ ಬರೆಯಿರಿ, ಇಲ್ಲವೇ ಎರಡನ್ನೂ ಲಿಂಕರ್‌ನ ಸ್ಟಾರ್ಟ್-ಗ್ರೂಪ್, ಎಂಡ್-ಗ್ರೂಪ್ ಆಪ್ಷನ್‌ಗಳ ನಡುವೆ ಇಡಿ. ಗ್ರೂಪ್ ಒಳಗೆ ಲಿಂಕರ್ ಮತ್ತೆ ಮತ್ತೆ ಸುತ್ತುತ್ತದೆ, ದೊಡ್ಡ ಪ್ರಾಜೆಕ್ಟ್‌ನಲ್ಲಿ ಸಮಯ ಹಿಡಿಯುತ್ತದೆ. ನನ್ನ ಕೇಳಿದರೆ ತೂಕ_ಕಳೆಯನ್ನು ಮೂರನೇ ಲೈಬ್ರರಿಗೆ ಸಾಗಿಸುವುದೇ ಒಳ್ಳೆಯದು.

ಇನ್ನೊಂದು ವಿಷಯ, ಇದು ಎರರ್ ಕೊಡದೆ ಕಾಡುತ್ತದೆ. ದರ_ಕೊಡು ಎರಡು ಆರ್ಕೈವ್‌ಗಳಲ್ಲಿದ್ದರೆ ಮೊದಲು ಸಿಕ್ಕಿದ್ದೇ ಸೇರುತ್ತದೆ, ಲಿಂಕರ್ ತುಟಿ ಬಿಚ್ಚುವುದಿಲ್ಲ. ಹೋದ ವರ್ಷದ ದರದಲ್ಲಿ ಬಿಲ್ ಆಗಬಹುದು! ಎರಡನೇ ಆರ್ಕೈವ್‌ನ ಅದೇ .ಓ ಫೈಲು ಬೇರೆ ಯಾವುದೋ ಫಂಕ್ಷನ್‌ಗಾಗಿ ಒಳಗೆ ಬಂದರೆ ಮಾತ್ರ ‘ಮಲ್ಟಿಪಲ್ ಡೆಫಿನಿಷನ್’ ಅಂತ ಕೂಗುತ್ತದೆ.

ಅನುಮಾನ ಬಂದಾಗ ಫೈಲಿನಲ್ಲಿರುವ ಹೆಸರುಗಳನ್ನು ತೋರಿಸುವ ಎನ್‌ಎಂ ಕಮಾಂಡ್ ಓಡಿಸಿ. ಹೆಸರಿನ ಪಕ್ಕ ‘ಟಿ’ ಇದ್ದರೆ ಫಂಕ್ಷನ್ ಆ ಫೈಲಿನಲ್ಲೇ ಇದೆ, ‘ಯು’ ಇದ್ದರೆ ಹೊರಗಿನಿಂದ ಬೇಕು. ಸಿ ಪ್ಲಸ್ ಪ್ಲಸ್ ಕೋಡ್‌ನಿಂದ ಸಿ ಲೈಬ್ರರಿ ಕರೆಯುತ್ತಿದ್ದು, ‘ಯು’ ಪಕ್ಕದ ಹೆಸರಿಗೆ ಹಿಂದೆ ಮುಂದೆ ಅಕ್ಷರ, ಅಂಕಿ ಅಂಟಿಕೊಂಡಿದ್ದರೆ ಕ್ರಮದ ತಪ್ಪಲ್ಲ, ಹೆಡರ್‌ನಲ್ಲಿ ಎಕ್ಸ್‌ಟರ್ನ್ ಸಿ (ಇದು ಸಿ ಫಂಕ್ಷನ್, ಹೆಸರು ಬದಲಿಸಬೇಡ ಅಂತ ಕಂಪೈಲರ್‌ಗೆ ಹೇಳುವ ಮಾತು) ಬಿಟ್ಟುಹೋಗಿದೆ.

ಎಲ್‌ಎಲ್‌ಡಿ ಅನ್ನುವ ಇನ್ನೊಂದು ಲಿಂಕರ್ ಹಿಂದೆ ನೋಡಿದ ಆರ್ಕೈವ್‌ಗಳ ಹೆಸರುಗಳನ್ನೂ ನೆನಪಿಟ್ಟುಕೊಳ್ಳುತ್ತದೆ. ಅದರಲ್ಲಿ ಪಾಸಾದ ಬಿಲ್ಡ್ ಜಿಎನ್‌ಯು ಲಿಂಕರ್ ಇರುವ ಲ್ಯಾಬ್‌ನ ಮಷಿನ್‌ನಲ್ಲಿ ಬಿದ್ದರೆ ಆಶ್ಚರ್ಯ ಬೇಡ.

ಲಿಂಕರ್‌ಗೆ ಮ್ಯಾಪ್ ಆಪ್ಷನ್ ಕೊಟ್ಟರೆ ಒಂದು ಫೈಲು ಬರೆದುಕೊಡುತ್ತದೆ. ಯಾವ ಆರ್ಕೈವ್‌ನ ಯಾವ .ಓ ಫೈಲು ಯಾರ ಯಾವ ಹೆಸರಿಗಾಗಿ ಒಳಗೆ ಬಂತು ಅನ್ನುವುದು ಅದರ ಶುರುವಿನಲ್ಲೇ ಇರುತ್ತದೆ. ನಿಮ್ಮ ಹಾಳೆಯ ಪಟ್ಟಿಯನ್ನು ಅದರ ಪಕ್ಕ ಇಟ್ಟು ತಾಳೆ ನೋಡಿ.